ಲಿನಕ್ಸ್ ಇರುವ ಮನೆಗೆ ಪ್ರಿಂಟರ್ ಆರಿಸುವುದು ಹೇಗೆ: ಕರಾವಳಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯಿಂದ ಬರುವ ಪ್ರಶ್ನೆ ಯಾವಾಗಲೂ ಹೆಚ್ಚುಕಡಿಮೆ ಒಂದೇ. "ಪ್ರಿಂಟರ್ ತಂದಾಯ್ತು, ಲಿನಕ್ಸ್‌ನಲ್ಲಿ ಕೆಲಸ ಮಾಡ್ತಾ ಇಲ್ಲ, ಡ್ರೈವರ್ ಎಲ್ಲಿ ಸಿಗುತ್ತೆ?" ಇಲ್ಲಿ ಕ್ರಮವೇ ತಿರುಗುಮುರುಗಾಗಿದೆ. ಆಫರ್ ನೋಡಿ ಪ್ರಿಂಟರ್ ತರುವುದು, ಆಮೇಲೆ ಡ್ರೈವರ್ ಹುಡುಕುವುದು, ಸಿಗದಿದ್ದರೆ ಲಿನಕ್ಸ್‌ಗೆ ಬೈಯುವುದು. ಡ್ರೈವರ್ ಅಂದರೆ ಪ್ರಿಂಟರಿನ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾಗುವ ತಂತ್ರಾಂಶ. ಈಗ ಡ್ರೈವರೇ ಬೇಡದ ಪ್ರಿಂಟರ್‌ಗಳು ಬೇಕಾದಷ್ಟು ಸಿಗುತ್ತವೆ. ಅಂಥದ್ದನ್ನೇ ಹುಡುಕಿ ತರುವುದು ಹೇಗೆ, ತಂದದ್ದನ್ನು ನಮ್ಮ ಮಳೆ, ಸಿಡಿಲು, ಕರೆಂಟಿನ ನಡುವೆ ಉಳಿಸಿಕೊಳ್ಳುವುದು ಹೇಗೆ ಅಂತ ಹಂತ ಹಂತವಾಗಿ ಬರೆದಿದ್ದೇನೆ. ದಯವಿಟ್ಟು ಹಂತ ಹಾರಿಸಬೇಡಿ.

ಮೊದಲೇ ಹೊಂದಿಸಿಕೊಳ್ಳಬೇಕಾದ ಸಾಮಾನು

ಒಂದು 8 ಜಿಬಿ ಪೆನ್‌ಡ್ರೈವ್. ಅದರಲ್ಲಿ ಲಿನಕ್ಸ್ ಮಿಂಟ್ 21 ಅಥವಾ ಅದಕ್ಕಿಂತ ಹೊಸದರ ಲೈವ್ ಪ್ರತಿ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಯುವುದು) ಇರಲಿ. ನೀವು ಬಳಸುವುದು ಉಬುಂಟು ಅಥವಾ ಡೆಬಿಯನ್ ಆದರೂ ಪರೀಕ್ಷೆಗೆ ಮಿಂಟ್ ಸಾಕು.

ಒಂದು ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಪ್ರಿಂಟರ್ ಕೇಬಲ್. ಕೇಬಲ್ ಎಲ್ಲ ಪೆಟ್ಟಿಗೆಗಳಲ್ಲೂ ಇರುವುದಿಲ್ಲ, ನಿಮ್ಮದೇ ಒಂದು ಇಟ್ಟುಕೊಳ್ಳಿ.

ಒಂದು ಪಿಡಿಎಫ್ ಫೈಲ್, ಎರಡು ಪುಟದ್ದು. ಮೊದಲ ಪುಟದಲ್ಲಿ ಒತ್ತಕ್ಷರ ತುಂಬಿದ ಕನ್ನಡ: ಕ್ಷ, ಜ್ಞ, ಸ್ತ್ರೀ, ಅರ್ಕ, ರಾಷ್ಟ್ರ ಇತ್ಯಾದಿ. ಎರಡನೆಯದರಲ್ಲಿ ಒಂದು ಫೋಟೊ. ಇದನ್ನು ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಅಥವಾ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಹಂತ 1: ನಿಮ್ಮ ಮನೆಯ ಕೆಲಸ ಯಾವುದು?

ಪ್ರಿಂಟರ್ ಎಷ್ಟು ಪುಟ ಹೊಡೆಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಅದು ಎಷ್ಟು ದಿನ ಸುಮ್ಮನೆ ಕೂತಿರುತ್ತದೆ ಅನ್ನುವುದು.

ಮಕ್ಕಳ ಪ್ರಾಜೆಕ್ಟ್, ಬಣ್ಣದ ಚಿತ್ರ, ವಾರಕ್ಕೆ ಎರಡು ಮೂರು ಸಲವಾದರೂ ಕೆಲಸ ಇದೆ ಅಂತಾದರೆ ಇಂಕ್ ಟ್ಯಾಂಕ್ ತೆಗೆದುಕೊಳ್ಳಿ. ಎಪ್ಸನ್‌ನ 003 ಕಪ್ಪು ಬಾಟಲಿ 65 ಮಿಲಿ ಇರುತ್ತದೆ. ಕಂಪನಿಯ ಲೆಕ್ಕದಲ್ಲಿ ಅದರಿಂದ ಸುಮಾರು 4,500 ಪುಟ ಬರುತ್ತದೆ. ಖರ್ಚಿನ ಮಟ್ಟಿಗೆ ಇದನ್ನು ಮೀರಿಸುವುದು ಕಷ್ಟ.

ಆರ್‌ಟಿಸಿ, ಬ್ಯಾಂಕಿನ ಫಾರ್ಮ್, ರೈಲ್ವೆ ಟಿಕೆಟ್, ಯಾವಾಗಲೋ ಒಮ್ಮೆ ನಾಲ್ಕು ಪುಟ, ಅದೂ ಕಪ್ಪು ಬಿಳುಪಿನಲ್ಲಿ ಸಾಕು ಅನ್ನುವವರು ಲೇಸರ್ ನೋಡಿ. ತಿಂಗಳುಗಟ್ಟಲೆ ಬಿಟ್ಟರೂ ಟೋನರ್ ಒಣಗುವುದಿಲ್ಲ, ಅದು ಪುಡಿ. ಇಂಕಿನ ತಲೆ (ಹಾಳೆಗೆ ಇಂಕ್ ಚಿಮ್ಮಿಸುವ ಭಾಗ) ಮಾತ್ರ ಬಳಸದೆ ಬಿಟ್ಟರೆ ಕಟ್ಟಿಕೊಳ್ಳುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇದ್ದು, ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುವ ಕಡೆ ಇಂಕ್ ಟ್ಯಾಂಕ್ ಕೊಡಿಸುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಸಣ್ಣ ಕಾರ್ಟ್ರಿಜ್‌ನ ಅಗ್ಗದ ಇಂಕ್‌ಜೆಟ್ ಬೇಡವೇ ಬೇಡ. ಮೆಷೀನಿನ ಬೆಲೆ ಕಡಿಮೆ, ಕಾರ್ಟ್ರಿಜ್ ಬೆಲೆ ಜಾಸ್ತಿ.

ಇನ್ನೊಂದು ಪ್ರಶ್ನೆ ಲೀಗಲ್ ಸೈಜಿನದ್ದು. ಹಳೆಯ ಕ್ರಯಪತ್ರ, ವಿಭಾಗಪತ್ರಗಳು ಎ4ಗಿಂತ ಉದ್ದ ಇರುತ್ತವೆ. ಲೀಗಲ್ ಹಾಳೆ 356 ಮಿಮೀ, ಎ4 ಬರೀ 297. ಅಚ್ಚಿನ ಟ್ರೇಗೆ ಲೀಗಲ್ ಹೋದರೂ ಸ್ಕ್ಯಾನರ್ ಗಾಜಿನ ಮೇಲೆ ಹಿಡಿಯುವುದಿಲ್ಲ. ಇಂಥ ಕಾಗದಪತ್ರ ಜಾಸ್ತಿ ಸ್ಕ್ಯಾನ್ ಮಾಡುವವರಿಗೆ ಮೇಲಿನಿಂದ ಹಾಳೆ ಎಳೆದುಕೊಳ್ಳುವ ಫೀಡರ್ ಇರುವ ಮಾದರಿಯೇ ಬೇಕು. ಇದನ್ನು ಕೊಂಡ ಮೇಲೆ ಸರಿಪಡಿಸಲು ಆಗುವುದಿಲ್ಲ.

ಹಂತ 2: ಇನ್ವರ್ಟರ್ ಮತ್ತು ಜಾಗ

ಲೇಸರ್ ಪ್ರಿಂಟರ್ ಟೋನರ್ ಪುಡಿಯನ್ನು ಬಿಸಿ ಮಾಡಿ ಹಾಳೆಗೆ ಅಂಟಿಸುತ್ತದೆ. ಅಚ್ಚಾಗುವಾಗ ಅದು ಕೆಲವು ನೂರು ವಾಟ್ ಎಳೆಯುತ್ತದೆ, ಬಿಸಿಯಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಕಂಪ್ಯೂಟರ್‌ಗಿಡುವ 600 ವಿಎ ಯುಪಿಎಸ್ ಇದನ್ನು ತಡೆಯುವುದಿಲ್ಲ. ಅದು ಕಿರುಚಿಕೊಂಡು ಆಫ್ ಆಗುತ್ತದೆ, ಜೊತೆಗೆ ಕಂಪ್ಯೂಟರೂ ಆಫ್. ಮನೆಯ ಸಣ್ಣ ಇನ್ವರ್ಟರ್ ಕಥೆಯೂ ಅದೇ. ಹಾಗಾಗಿ ಲೇಸರ್ ತಂದರೆ ಇನ್ವರ್ಟರ್ ಲೈನ್ ಇಲ್ಲದ, ನೇರ ಮೆಸ್ಕಾಂ ಕರೆಂಟಿನ ಪ್ಲಗ್ ಯಾವುದು ಅಂತ ಮೊದಲು ಗುರುತು ಮಾಡಿಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುವ ಊರಲ್ಲಿ, ಹೋದಾಗಲೂ ಅಚ್ಚು ಬೇಕು ಅನ್ನುವವರಿಗೆ ಇಂಕ್ ಟ್ಯಾಂಕ್ ಅನುಕೂಲ. ಅದಕ್ಕೆ ಸಣ್ಣ ಬಲ್ಬಿನಷ್ಟು ಕರೆಂಟ್ ಸಾಕು.

ಉಳ್ಳಾಲ, ಮಲ್ಪೆ, ಪಣಂಬೂರಿನಂಥ ಕಡಲಂಚಿನ ಮನೆಗಳಲ್ಲಿ ಕಿಟಕಿಯ ಪಕ್ಕ ಇಡಬೇಡಿ. ಉಪ್ಪುಗಾಳಿ ಲೋಹಕ್ಕೆ ಒಳ್ಳೆಯದಲ್ಲ. ನೆಲದ ಮೇಲೂ ಬೇಡ. ಗೋಡೆಗೆ ಅಂಟಿಸಿ ಇಟ್ಟರೆ ತೇವದ ಜೊತೆ ಇರುವೆಯೂ ಬರುತ್ತದೆ.

ಹಂತ 3: ಡ್ರೈವರ್ ಬೇಡದ ಮಾದರಿ ಹುಡುಕುವುದು

ಇದೇ ಮುಖ್ಯ ಹಂತ, ನಿಧಾನವಾಗಿ ಓದಿ.

ಲಿನಕ್ಸ್‌ನಲ್ಲಿ ಅಚ್ಚಿನ ಕೆಲಸ ನೋಡಿಕೊಳ್ಳುವುದು ಕಪ್ಸ್ ಎಂಬ ತಂತ್ರಾಂಶ. ಪ್ರಿಂಟರ್ ಐಪಿಪಿ ಎವೆರಿವೇರ್ ಅಥವಾ ಏರ್‌ಪ್ರಿಂಟ್ ಅನ್ನುವ ಸಾಮಾನ್ಯ ಪದ್ಧತಿಯಲ್ಲಿ ಮಾತಾಡಿದರೆ ಕಪ್ಸ್‌ಗೆ ಬೇರೆ ಡ್ರೈವರ್ ಬೇಡ. ಯಾವ ಹಾಳೆ ಇದೆ, ಬಣ್ಣ ಇದೆಯೇ, ಎರಡೂ ಬದಿ ಆಗುತ್ತದೆಯೇ ಎಂಬುದನ್ನು ಅದು ಪ್ರಿಂಟರ್‌ನಿಂದಲೇ ಕೇಳಿ ತಿಳಿದುಕೊಳ್ಳುತ್ತದೆ.

ಏರ್‌ಪ್ರಿಂಟ್ ಆಪಲ್‌ನದ್ದು, ಐಫೋನ್‌ಗಾಗಿ ಬಂದದ್ದು. ನಮಗೆ ಅದು ಒಳ್ಳೆಯ ಗುರುತು. ಅಂಗಡಿಯಲ್ಲಿ "ಇದು ಲಿನಕ್ಸ್‌ನಲ್ಲಿ ನಡೆಯುತ್ತದಾ?" ಅಂತ ಕೇಳಿದರೆ ಸರಿಯಾದ ಉತ್ತರ ಬರುವುದು ಅಪರೂಪ. "ಏರ್‌ಪ್ರಿಂಟ್ ಇದೆಯಾ?" ಅಂತ ಕೇಳಿ. ಪೆಟ್ಟಿಗೆ ಮೇಲೆ ಆ ಗುರುತು ಇದ್ದರೆ ಲಿನಕ್ಸ್‌ನಲ್ಲೂ ನಡೆಯುವ ಸಾಧ್ಯತೆ ತುಂಬಾ ಜಾಸ್ತಿ.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. "ಮೊಬೈಲಿಂದ ಪ್ರಿಂಟ್ ಆಗುತ್ತೆ ಸರ್" ಅಂದ ಮಾತ್ರಕ್ಕೆ ಏರ್‌ಪ್ರಿಂಟ್ ಇದೆ ಅಂತಲ್ಲ. ಎಷ್ಟೋ ವೈಫೈ ಪ್ರಿಂಟರ್‌ಗಳು ಕಂಪನಿಯ ಸ್ವಂತ ಆ್ಯಪ್ ಮೂಲಕ ಮಾತ್ರ ಅಚ್ಚು ಮಾಡುತ್ತವೆ. ಅದು ನಮಗೆ ಉಪಯೋಗ ಇಲ್ಲ. ವೈಫೈ ಬೇರೆ, ಏರ್‌ಪ್ರಿಂಟ್ ಬೇರೆ.

ಖಚಿತ ಮಾಡಿಕೊಳ್ಳಲು ಮಾದರಿಯ ಪೂರ್ತಿ ಹೆಸರು ಬರೆದುಕೊಂಡು ನಾಲ್ಕು ಪಟ್ಟಿ ನೋಡಿ. ಓಪನ್‌ಪ್ರಿಂಟಿಂಗ್ ತಾಣದ ಡ್ರೈವರ್‌ಲೆಸ್ ಪಟ್ಟಿ ಮೊದಲನೆಯದು. ಆಪಲ್‌ನ ಏರ್‌ಪ್ರಿಂಟ್ ಪುಟ ಮತ್ತು ಮೋಪ್ರಿಯಾದ (ಮೊಬೈಲಿಂದ ಅಚ್ಚಿಗಾಗಿ ಪ್ರಿಂಟರ್ ಕಂಪನಿಗಳು ಕಟ್ಟಿಕೊಂಡ ಕೂಟ) ಪಟ್ಟಿ ಎರಡನೆಯದು, ಮೂರನೆಯದು. ಎಚ್‌ಪಿ ಆದರೆ ಎಚ್‌ಪಿಎಲ್‌ಐಪಿ (ಎಚ್‌ಪಿಯ ಲಿನಕ್ಸ್ ಡ್ರೈವರ್) ತಾಣ ನಾಲ್ಕನೆಯದು. ಅಲ್ಲಿ ಪ್ರತಿ ಮಾದರಿಗೂ ಪ್ಲಗಿನ್ (ಡ್ರೈವರ್ ಜೊತೆ ಬೇರೆಯಾಗಿ ಇಳಿಸಬೇಕಾದ ಭಾಗ) ಬೇಕೋ ಬೇಡವೋ ಅಂತ ಬರೆದಿರುತ್ತಾರೆ. ಹೆಸರಿನ ಕೊನೆಯ ಅಕ್ಷರವನ್ನೂ ಹೊಂದಿಸಿ ನೋಡಿ. ಎಪ್ಸನ್‌ನ ಎಲ್3210 ಮತ್ತು ಎಲ್3250 ನೋಡಲು ಅಣ್ಣತಮ್ಮಂದಿರು, ಆದರೆ ಒಂದಕ್ಕೆ ಯುಎಸ್‌ಬಿ ಮಾತ್ರ, ಇನ್ನೊಂದಕ್ಕೆ ವೈಫೈ ಇದೆ.

ಸ್ಕ್ಯಾನರನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಅಚ್ಚು ಆಗುತ್ತದೆ ಅಂದರೆ ಸ್ಕ್ಯಾನೂ ಆಗುತ್ತದೆ ಅಂತ ನಂಬಬೇಡಿ. ಲಿನಕ್ಸ್‌ನಲ್ಲಿ ಸ್ಕ್ಯಾನರ್ ನಡೆಸುವ ಸೇನ್ (SANE) ಯೋಜನೆಯ ಪಟ್ಟಿಯಲ್ಲಿ ನಿಮ್ಮ ಮಾದರಿಯ ಎದುರು 'ಕಂಪ್ಲೀಟ್' ಅಥವಾ 'ಗುಡ್' ಅಂತ ಇರಬೇಕು. ಇಲ್ಲವಾದರೆ ಪ್ರಿಂಟರ್ ಇಎಸ್‌ಸಿಎಲ್ ಎಂಬ ಪದ್ಧತಿ ಬಲ್ಲದ್ದಾಗಿರಬೇಕು. ಆಗ ಸೇನ್-ಏರ್‌ಸ್ಕ್ಯಾನ್ ಅದನ್ನು ತಾನಾಗಿ ಹಿಡಿಯುತ್ತದೆ.

ಯುಎಸ್‌ಬಿಯಲ್ಲೂ ಡ್ರೈವರ್ ಇಲ್ಲದೆ ನಡೆಸಬಹುದು. 2021ರಲ್ಲಿ ಬಂದ ಡೆಬಿಯನ್ 11ರಿಂದಲೇ ಇದಕ್ಕೆ ಬೇಕಾದ ಐಪಿಪಿ-ಯುಎಸ್‌ಬಿ ಇದೆ. ಪ್ರಿಂಟರೂ ಅದನ್ನು ಒಪ್ಪಬೇಕು ಅಷ್ಟೆ. ಯುಎಸ್‌ಬಿ ಮಾತ್ರ ಇರುವ ಅಗ್ಗದ ಮಾದರಿಗಳಲ್ಲಿ ಹೆಚ್ಚಿನವು ಒಪ್ಪುವುದಿಲ್ಲ. ಸ್ವಲ್ಪ ಜಾಸ್ತಿ ಕೊಟ್ಟು ವೈಫೈ ಇರುವುದನ್ನೇ ತನ್ನಿ ಅಂತ ನಾನು ಹೇಳುವುದು ಇದಕ್ಕೇ.

ಡ್ರೈವರ್ ಇದ್ದರೆ ಸಾಕಲ್ವಾ, ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಈಗ ಸಾಕು. ಆದರೆ ಕಪ್ಸ್ 3ರಲ್ಲಿ ಹಳೆಯ ಮಾದರಿಯ ಡ್ರೈವರ್‌ಗಳನ್ನು ತೆಗೆದುಹಾಕುವುದಾಗಿ ಅದನ್ನು ಬರೆಯುವವರೇ ಹೇಳಿದ್ದಾರೆ. ಇಂದು ತಂದ ಪ್ರಿಂಟರ್ ಏಳೆಂಟು ವರ್ಷ ಬರಬೇಕಲ್ಲ?

ಹಂತ 4: ಡ್ರೈವರ್ ಬೇಕೇ ಬೇಕಾದರೆ, ಯಾವುದು ಪರವಾಗಿಲ್ಲ

ಬಜೆಟ್ಟಿನೊಳಗೆ ಏರ್‌ಪ್ರಿಂಟ್ ಸಿಗದೆ ಹೋದರೆ ಮುಕ್ತ ಡ್ರೈವರ್ ಇರುವುದನ್ನು ನೋಡಿ. ಎಪ್ಸನ್ ಇಂಕ್ ಟ್ಯಾಂಕ್‌ಗಳಲ್ಲಿ ಹಲವಕ್ಕೆ ಇಎಸ್‌ಸಿಪಿಆರ್ ಡ್ರೈವರ್ ಡೆಬಿಯನ್, ಉಬುಂಟು, ಮಿಂಟ್‌ನ ತಂತ್ರಾಂಶ ಭಂಡಾರದಲ್ಲೇ ಇದೆ. ಬ್ರದರ್ ಲೇಸರ್‌ಗಳಲ್ಲಿ ಹಲವಕ್ಕೆ ಬಿಆರ್‌ಲೇಸರ್ ಇದೆ. ಬ್ರದರ್ ಕಂಪನಿ ತಾನೇ ಡೆಬ್ ಪ್ಯಾಕೇಜ್ ಕೊಡುತ್ತದೆ ನಿಜ, ಆದರೆ ಅವು ಹೆಚ್ಚಾಗಿ ಇಂಟೆಲ್ ಮಾದರಿಯ ಕಂಪ್ಯೂಟರ್‌ಗೆ. ರಾಸ್ಪ್‌ಬೆರಿ ಪೈಗೆ ಜೋಡಿಸುವವರು ಬಿಆರ್‌ಲೇಸರನ್ನೇ ನೆಚ್ಚಿಕೊಳ್ಳಬೇಕು.

ಎಚ್‌ಪಿಯ ಎಚ್‌ಪಿಎಲ್‌ಐಪಿ ಒಳ್ಳೆಯ ತಂತ್ರಾಂಶ. ಆದರೆ ಕೆಲವು ಲೇಸರ್‌ಜೆಟ್‌ಗಳಿಗೆ ಮುಚ್ಚಿದ (ಮೂಲ ಕೋಡ್ ಬಿಟ್ಟುಕೊಡದ) ಪ್ಲಗಿನ್ ಬೇಕು. ಎಚ್‌ಪಿಎಲ್‌ಐಪಿ ಅಪ್‌ಡೇಟ್ ಆದಾಗ ಅದೇ ಆವೃತ್ತಿಯ ಪ್ಲಗಿನ್ ಮತ್ತೆ ಇಳಿಸಬೇಕು. "ನಿನ್ನೆವರೆಗೆ ಸರಿ ಇತ್ತು, ಅಪ್‌ಡೇಟ್ ಮಾಡಿದ ಮೇಲೆ ನಿಂತಿತು" ಅನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಪಟ್ಟಿಯಲ್ಲಿ 'ಪ್ಲಗಿನ್ ಬೇಕು' ಅಂತಿದ್ದರೆ ಆ ಮಾದರಿ ಬಿಟ್ಟುಬಿಡಿ.

ಸೆಕೆಂಡ್ ಹ್ಯಾಂಡ್ ವಿಷಯ. ಜೆರಾಕ್ಸ್ ಅಂಗಡಿ, ಸೈಬರ್ ಮುಚ್ಚುವಾಗ ಎರಡು ಮಾದರಿ ಅಗ್ಗಕ್ಕೆ ಸಿಗುತ್ತವೆ: ಕ್ಯಾನನ್ ಎಲ್‌ಬಿಪಿ2900 ಮತ್ತು ಎಚ್‌ಪಿ ಲೇಸರ್‌ಜೆಟ್ 1020. ಎರಡೂ ಗಟ್ಟಿ ಮೆಷೀನ್‌ಗಳೇ, ವಿಂಡೋಸ್‌ನಲ್ಲಿ ಚೆನ್ನಾಗಿ ದುಡಿಯುತ್ತವೆ. ಆದರೆ 2900 ಮಾತಾಡುವುದು ಕ್ಯಾಪ್ಟ್ ಎಂಬ ಕ್ಯಾನನ್‌ನ ಸ್ವಂತ ಭಾಷೆ. ಅದರ ಹಳೆಯ ಲಿನಕ್ಸ್ ಡ್ರೈವರ್ ಇವತ್ತಿನ ವ್ಯವಸ್ಥೆಯಲ್ಲಿ ಕೂರಿಸುವುದೇ ದೊಡ್ಡ ಕೆಲಸ. 1020ಕ್ಕೆ ತನ್ನದೇ ಫರ್ಮ್‌ವೇರ್ (ಅದನ್ನು ನಡೆಸುವ ಒಳಗಿನ ತಂತ್ರಾಂಶ) ನೆನಪಿರುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಅದನ್ನು ಮತ್ತೆ ಕಳಿಸಬೇಕು. ಕರೆಂಟ್ ಹೋಗಿ ಬಂದಾಗಲೆಲ್ಲ ಇದೇ ರಗಳೆ ಆದರೆ ಯಾರಿಗೆ ಬೇಕು ಮಾರಾಯ್ರೆ!

ಹಳೆಯದೇ ಬೇಕು ಅಂದರೆ ಆಫೀಸಿನಿಂದ ಹೊರಬಿದ್ದ, ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಎಂಬ ಸಾಮಾನ್ಯ ಪ್ರಿಂಟರ್ ಭಾಷೆ ಬಲ್ಲ, ನೆಟ್‌ವರ್ಕ್ ಪೋರ್ಟ್ ಇರುವ ಲೇಸರ್ ಹುಡುಕಿ. ಎಚ್‌ಪಿ ಪಿ2055ಡಿಎನ್ ಅಂಥದ್ದು. ಸಾಮಾನ್ಯ ಡ್ರೈವರ್‌ನಲ್ಲೇ ನಡೆಯುತ್ತದೆ, ಎರಡೂ ಬದಿ ತಾನೇ ಹೊಡೆಯುತ್ತದೆ.

ಹಂತ 5: ಅಂಗಡಿಯಲ್ಲಿ ಪರೀಕ್ಷೆ

ಹಂಪನಕಟ್ಟೆಯಲ್ಲೋ, ಉಡುಪಿಯಲ್ಲೋ, ಮಣಿಪಾಲದಲ್ಲೋ ಅಂಗಡಿಗೆ ಹೋಗುವ ಮೊದಲು ಫೋನ್ ಮಾಡಿ ಡೆಮೊ ಪೀಸ್ ಇದೆಯಾ ಅಂತ ಕೇಳಿ. ಸೀಲ್ ಒಡೆಯಲು ಯಾರೂ ಒಪ್ಪುವುದಿಲ್ಲ, ಅದು ಅವರ ತಪ್ಪಲ್ಲ. ಶನಿವಾರ ಸಂಜೆ ಹೋಗಬೇಡಿ. ವಾರದ ಮಧ್ಯೆ ಬೆಳಿಗ್ಗೆ ಹೋದರೆ ನಿಮ್ಮ ಪ್ರಯೋಗಕ್ಕೆ ಅವರಿಗೂ ತಾಳ್ಮೆ ಇರುತ್ತದೆ.

ಲ್ಯಾಪ್‌ಟಾಪನ್ನು ಪೆನ್‌ಡ್ರೈವ್‌ನಿಂದ ಮಿಂಟ್‌ಗೆ ಬೂಟ್ ಮಾಡಿ. ನಿಮ್ಮ ಮನೆಯ ಲಿನಕ್ಸ್ ಬಳಸಬೇಡಿ. ಅದರಲ್ಲಿ ಹಿಂದೆ ಹಾಕಿದ ಯಾವುದೋ ಡ್ರೈವರ್ ಇದ್ದು, ಫಲಿತಾಂಶ ದಾರಿ ತಪ್ಪಿಸಬಹುದು. ಕೇಬಲ್ ಜೋಡಿಸಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಒಂದು ನಿಮಿಷ ಕಾಯಿರಿ. ಪ್ರಿಂಟರ್ಸ್ ಕಿಟಕಿಯಲ್ಲಿ ಹೆಸರು ತಾನಾಗಿ ಬಂತೇ? ಅದರ ವಿವರದಲ್ಲಿ 'ಡ್ರೈವರ್‌ಲೆಸ್' ಅಂತ ಇದ್ದರೆ ಅರ್ಧ ಗೆದ್ದಂತೆ. ಕನ್ನಡದ ಪುಟ ಅಚ್ಚು ಮಾಡಿ. ಡಾಕ್ಯುಮೆಂಟ್ ಸ್ಕ್ಯಾನರ್ ತೆರೆದು ಅದೇ ಪುಟವನ್ನು ಸ್ಕ್ಯಾನ್ ಮಾಡಿ.

ಯುಎಸ್‌ಬಿಯಲ್ಲಿ ಬರದಿದ್ದರೆ ಕೂಡಲೇ ಕೈಬಿಡಬೇಡಿ. ಮೊಬೈಲ್ ಹಾಟ್‌ಸ್ಪಾಟ್‌ಗೆ ಪ್ರಿಂಟರ್, ಲ್ಯಾಪ್‌ಟಾಪ್ ಎರಡನ್ನೂ ಸೇರಿಸಿ ಮತ್ತೊಮ್ಮೆ ನೋಡಿ. ಕೆಲವು ಫೋನ್‌ಗಳ ಹಾಟ್‌ಸ್ಪಾಟ್ ಒಳಗಿನ ಸಾಧನಗಳನ್ನು ಒಂದಕ್ಕೊಂದು ಮಾತಾಡಲು ಬಿಡುವುದಿಲ್ಲ, ಅದೂ ಗೊತ್ತಿರಲಿ.

ಆನ್‌ಲೈನ್‌ನಲ್ಲಿ ಕೊಳ್ಳುವವರು ವಾಪಸಾತಿ ಷರತ್ತು ಓದಿ. 'ಬದಲಿ ಮಾತ್ರ' ಅಂತಿದ್ದರೆ ಹೊಂದದ ಪ್ರಿಂಟರ್‌ಗೆ ಬದಲಾಗಿ ಅದೇ ಹೊಂದದ ಮಾದರಿ ಇನ್ನೊಂದು ಬರುತ್ತದೆ!

ಹಂತ 6: ಮನೆಯಲ್ಲಿ ಜೋಡಣೆ

ಕ್ರಮ ಹೀಗಿರಲಿ: ಮೊದಲು ವೈಫೈ, ಆಮೇಲೆ ಲಿನಕ್ಸ್ ಅಪ್‌ಡೇಟ್, ಆಮೇಲೆ ಕ್ಯೂ (ಕಂಪ್ಯೂಟರಿನಲ್ಲಿ ಆ ಪ್ರಿಂಟರ್ ಹೆಸರಿನ ಅಚ್ಚಿನ ಸಾಲು), ಕೊನೆಗೆ ಹಾಳೆಯ ಗಾತ್ರ.

ಮನೆಯ ಪ್ರಿಂಟರ್‌ಗಳಲ್ಲಿ ಹಲವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ಫೈಬರ್ ರೂಟರ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರೆ ಪ್ರಿಂಟರ್ ಸೇರದೆ ಒದ್ದಾಡಬಹುದು. ರೂಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಹೆಸರು ಕೊಡಿ. ಪ್ರಿಂಟರ್‌ನಲ್ಲಿ ಸ್ಕ್ರೀನ್ ಇಲ್ಲದಿದ್ದರೆ ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಹಾಕದೆ ವೈಫೈಗೆ ಸೇರಿಸುವ) ಗುಂಡಿ ಬಳಸಿ, ಆಗ ಕಂಪನಿಯ ಆ್ಯಪ್ ಬೇಕಾಗುವುದಿಲ್ಲ. ಗೆಸ್ಟ್ ವೈಫೈಗೆ ಸೇರಿಸಬೇಡಿ, ಅಲ್ಲಿ ಪ್ರಿಂಟರ್ ಕಾಣಿಸುವುದಿಲ್ಲ.

ಅಪ್‌ಡೇಟ್ ಯಾಕೆ ಮುಖ್ಯ ಅಂದರೆ, 2024ರ ಸೆಪ್ಟೆಂಬರ್‌ನಲ್ಲಿ ಕಪ್ಸ್-ಬ್ರೌಸ್ಡ್ ಎಂಬ ಭಾಗದಲ್ಲಿ ದೊಡ್ಡ ಭದ್ರತಾ ದೋಷ ಹೊರಬಂತು. ಅಪ್‌ಡೇಟ್ ಆದ ವ್ಯವಸ್ಥೆಯಲ್ಲಿ ಅದನ್ನು ಸರಿಪಡಿಸಿದ್ದಾರೆ.

ನಂತರ ಸುಮ್ನೆ ಪ್ರಿಂಟರ್ಸ್ ತೆರೆದು ನೋಡಿ. ಪ್ರಿಂಟರ್ ಬಂದಿದ್ದರೆ ಮತ್ತೇನೂ ಮಾಡಬೇಡಿ. ಎಲ್ಲರೂ ಎಡವುವುದು ಇಲ್ಲೇ. ಕೆಲಸ ಮಾಡುತ್ತಿರುವ ಪ್ರಿಂಟರ್‌ಗೆ "ಇನ್ನೂ ಚೆನ್ನಾಗಿರಲಿ" ಅಂತ ಕಂಪನಿಯ ಡ್ರೈವರ್ ಹಾಕುತ್ತಾರೆ. ಆಗ ಒಂದೇ ಪ್ರಿಂಟರ್ ಎರಡು ಹೆಸರಲ್ಲಿ ಕಾಣುತ್ತದೆ, ಒಂದು ಹೊಡೆಯುತ್ತದೆ, ಒಂದು ಹೊಡೆಯುವುದಿಲ್ಲ. ಯುಎಸ್‌ಬಿಯಲ್ಲಿ ಐಪಿಪಿ-ಯುಎಸ್‌ಬಿ ಪ್ರಿಂಟರನ್ನು ಹಿಡಿದುಕೊಂಡಿರುವಾಗ ಎಚ್‌ಪಿಎಲ್‌ಐಪಿಗೆ ಅದು ಸಿಗುವುದೇ ಇಲ್ಲ. ಎರಡು ಹೆಸರು ಕಂಡರೆ ಡ್ರೈವರ್‌ಲೆಸ್ ಇರುವುದನ್ನು ಉಳಿಸಿ ಇನ್ನೊಂದನ್ನು ಅಳಿಸಿ.

ಪ್ರಿಂಟರ್ ತಾನಾಗಿ ಬರದಿದ್ದರೆ ಬ್ರೌಸರ್‌ನಲ್ಲಿ localhost:631 ಅಂತ ಹಾಕಿ ಕಪ್ಸ್ ಪುಟ ತೆರೆಯಿರಿ, ಅಲ್ಲಿಂದ ಸೇರಿಸಿ. ಐಪಿ ವಿಳಾಸ ಬರೆದು ಸೇರಿಸಿದವರಿಗೆ ಒಂದು ಎಚ್ಚರಿಕೆ: ಕರೆಂಟ್ ಹೋಗಿ ರೂಟರ್ ಮರಳಿ ಚಾಲೂ ಆದಾಗ ಪ್ರಿಂಟರ್‌ಗೆ ಹೊಸ ವಿಳಾಸ ಸಿಗಬಹುದು. ಪ್ರಿಂಟರ್ 'ಆಫ್‌ಲೈನ್' ಅಂತ ಕಾಣಲು ನಮ್ಮಲ್ಲಿ ಇದು ದೊಡ್ಡ ಕಾರಣ. ರೂಟರ್‌ನಲ್ಲಿ ಆ ವಿಳಾಸವನ್ನು ಕಾಯ್ದಿರಿಸಿ. ಅಚ್ಚಿನ ನಡುವೆ ಕರೆಂಟ್ ಹೋಗಿದ್ದರೆ ಕ್ಯೂ 'ಪಾಸ್ಡ್' (Paused) ಆಗಿ ನಿಂತಿರಬಹುದು. ಅದನ್ನು 'ರೆಸ್ಯೂಮ್' ಮಾಡಬೇಕು, ಪ್ರಿಂಟರ್ ಆಫ್ ಆನ್ ಮಾಡಿದರೆ ಹೋಗುವುದಿಲ್ಲ.

ಹಾಳೆಯ ಗಾತ್ರ. ಲಿನಕ್ಸ್ ಹಾಕುವಾಗ ಅಮೆರಿಕದ ಇಂಗ್ಲಿಷ್ ಆರಿಸಿದ್ದರೆ ಹಾಳೆ 'ಲೆಟರ್' ಅಂತ ಕೂತಿರುತ್ತದೆ. ಅದು ಎ4ಗಿಂತ ಸ್ವಲ್ಪ ಅಗಲ, 18 ಮಿಮೀ ಗಿಡ್ಡ. ಪುಟದ ಕೆಳಭಾಗ ಖಾಲಿ ಉಳಿಯುವುದು, ಹಾಳೆ ಇದ್ದರೂ "ಹಾಳೆ ಹಾಕಿ" ಅಂತ ದೀಪ ಮಿನುಗುವುದು ಇದರ ಲಕ್ಷಣ. ಪ್ರಿಂಟರ್ ಸೆಟ್ಟಿಂಗ್, ಲಿಬ್ರೆ ಆಫೀಸಿನ ಪುಟದ ಶೈಲಿ, ಪಿಡಿಎಫ್ ಓದುವ ತಂತ್ರಾಂಶ, ಮೂರರಲ್ಲೂ ಎ4 ಇದೆಯೇ ನೋಡಿ.

ಹಂತ 7: ಕನ್ನಡ ಸರಿಯಾಗಿ ಬರುತ್ತಿದೆಯೇ?

ಒತ್ತು ಒಡೆದು ಬಂದರೆ, ಚೌಕ ಬಂದರೆ ಪ್ರಿಂಟರ್‌ಗೆ ಬೈಯಬೇಡಿ. ಮೊದಲು ಅದೇ ಕಡತವನ್ನು ಪಿಡಿಎಫ್ ಆಗಿ ಉಳಿಸಿ ಪರದೆಯಲ್ಲಿ ನೋಡಿ. ಪಿಡಿಎಫ್‌ನಲ್ಲೂ ತಪ್ಪಿದ್ದರೆ ದೋಷ ಫಾಂಟ್‌ನದ್ದು. ಪಿಡಿಎಫ್ ಸರಿ ಇದ್ದು ಹಾಳೆಯಲ್ಲಿ ಮಾತ್ರ ತಪ್ಪಿದ್ದರೆ ಆಗ ಡ್ರೈವರ್ ನೋಡಬೇಕು.

ಫಾಂಟ್‌ಗಾಗಿ ನೋಟೊ, ಲೋಹಿತ್, ಗುಬ್ಬಿ, ನವಿಲು ಎಲ್ಲ ಭಂಡಾರದಲ್ಲೇ ಸಿಗುತ್ತವೆ. ಹಳೆಯ ನುಡಿ, ಬರಹ ಕಡತಗಳು ಯುನಿಕೋಡ್ ಅಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಅವನ್ನು ಯುನಿಕೋಡ್‌ಗೆ ಬದಲಿಸಿಯೇ ಅಚ್ಚು ಮಾಡಿ. ದೇವಸ್ಥಾನದ ಆಮಂತ್ರಣ, ಭಜನೆಯ ಹಾಳೆ ಇಂಥವನ್ನೆಲ್ಲ ವರ್ಷವರ್ಷ ಹಳೆಯ ಕಡತದಲ್ಲೇ ತಿದ್ದುವವರಿಗೆ ಈ ಮಾತು.

ಹಂತ 8: ಮಳೆಗಾಲ

ಹೆಚ್ಚಿನ ಪ್ರಿಂಟರ್‌ಗಳನ್ನು ಗಾಳಿಯ ತೇವ ಶೇ 80ರವರೆಗೆ ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ಆಟಿ ತಿಂಗಳಲ್ಲಿ ನಮ್ಮಲ್ಲಿ ಅದು ಸುಲಭವಾಗಿ ದಾಟುತ್ತದೆ. ಪೆಟ್ಟು ಬೀಳುವುದು ಮೊದಲು ಹಾಳೆಗೆ. ತೇವ ಹೀರಿದ ಹಾಳೆ ಎರಡೆರಡಾಗಿ ಒಳಹೋಗುತ್ತದೆ, ಸುರುಳಿಯಾಗುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ. ಇಂಕ್ ಹರಡುತ್ತದೆ, ಟೋನರ್ ಕಲೆಕಲೆಯಾಗಿ ಕೂರುತ್ತದೆ.

ಟ್ರೇಯಲ್ಲಿ ಅಂದಿಗೆ ಬೇಕಾದಷ್ಟೇ ಹಾಳೆ ಇಡಿ. ಉಳಿದದ್ದನ್ನು ಅದರ ಹೊದಿಕೆಯಲ್ಲೇ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಹಾಕುವ ಮೊದಲು ಹಾಳೆಯನ್ನು ಬೀಸಣಿಗೆಯಂತೆ ಬಿಡಿಸಿ.

ಲೇಸರ್‌ನಿಂದ ಬಿಳಿ ಹಬೆ ಬಂದರೆ ಹೆದರಬೇಡಿ. ಹಾಳೆಯ ತೇವ ಬಿಸಿಗೆ ಆವಿಯಾಗುವುದು ಅದು. ಸುಟ್ಟ ವಾಸನೆ ಬಂದರೆ ಮಾತ್ರ ಕೂಡಲೇ ಪ್ಲಗ್ ತೆಗೆಯಿರಿ.

ಇಂಕ್ ಟ್ಯಾಂಕನ್ನು ಗೋಡೆಯ ಸ್ವಿಚ್‌ನಿಂದ ಆಫ್ ಮಾಡುವ ಅಭ್ಯಾಸ ಬಿಡಿ. ಪ್ರಿಂಟರ್‌ನ ಗುಂಡಿ ಒತ್ತಿದಾಗ ಅದು ತಲೆಯನ್ನು ಮೂಲೆಗೆ ತಂದು ಮುಚ್ಚುತ್ತದೆ. ಅದು ಮುಗಿದ ಮೇಲೆ ಗೋಡೆಯ ಸ್ವಿಚ್. ನಡುವೆ ಕರೆಂಟ್ ಕಿತ್ತರೆ ತಲೆ ತೆರೆದೇ ಉಳಿದು ಇಂಕ್ ಒಣಗುತ್ತದೆ. ವಾರಕ್ಕೊಂದು ಬಣ್ಣದ ಪುಟ ಹೊಡೆಯಿರಿ. ಗೆರೆ ಬಿಟ್ಟುಬಿಟ್ಟು ಬಂದರೆ ನಾಝಲ್ ಚೆಕ್ ಮಾಡಿ, ಒಂದೆರಡು ಸಲ ಹೆಡ್ ಕ್ಲೀನಿಂಗ್ ಮಾಡಿ, ಆಮೇಲೆ ಕೆಲವು ಗಂಟೆ ಬಿಟ್ಟು ನೋಡಿ. ಒಂದೇ ಸಮನೆ ಕ್ಲೀನಿಂಗ್ ಒತ್ತುತ್ತಾ ಹೋದರೆ ಇಂಕ್ ಎಲ್ಲ ವೇಸ್ಟ್ ಪ್ಯಾಡ್‌ಗೆ ಹೋಗುತ್ತದೆ, ಪ್ಯಾಡ್ ತುಂಬಿದರೆ ಪ್ರಿಂಟರೇ ನಿಲ್ಲುತ್ತದೆ.

ಸಿಡಿಲು ಹೊಡೆಯುವುದು ಜಾಸ್ತಿ ಮಳೆ ಶುರುವಾಗುವ ಮೊದಲು, ಏಪ್ರಿಲ್ ಮೇನಲ್ಲಿ, ಮತ್ತೆ ಅಕ್ಟೋಬರ್ ನವೆಂಬರಿನಲ್ಲಿ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕಿತ್ತಿಡಿ. ಯುಎಸ್‌ಬಿ ಮತ್ತು ನೆಟ್‌ವರ್ಕ್ ಕೇಬಲ್ ಇದ್ದರೆ ಅದನ್ನೂ ತೆಗೆಯಿರಿ. ಪ್ಲಗ್ ತೆಗೆದು ಕೇಬಲ್ ಹಾಗೇ ಬಿಟ್ಟರೆ ಸಿಡಿಲಿನ ಕರೆಂಟ್ ಕಂಪ್ಯೂಟರ್ ಕಡೆಯಿಂದ ಪ್ರಿಂಟರ್‌ಗೆ ಬರಬಹುದು.